ಕೊರಲೆಯಿಂದ ಜಮಿಯಾದವರೆಗೆ: ನಮ್ಮ ಅನ್ನದ ಕಥೆ



ನಮ್ಮ ಮಕ್ಕಳು ಶಾಲೆಗೆ ತರುವ ಊಟದ ಡಬ್ಬಿಯನ್ನು ಒಮ್ಮೆ ತೆರೆದು ನೋಡೋಣ. ಒಂದರಲ್ಲಿ ಚಪಾತಿ ಮತ್ತು ಆಲೂಗಡ್ಡೆ ಪಲ್ಯ, ಇನ್ನೊಂದರಲ್ಲಿ ಟೊಮೆಟೊ ಬಾತ್, ಮತ್ತೊಂದರಲ್ಲಿ ಚಿತ್ರಾನ್ನ. ಚಿತ್ರಾನ್ನಕ್ಕಿಂತ ಅಚ್ಚ ಕನ್ನಡದ ತಿಂಡಿ ಬೇರೆ ಯಾವುದಿದೆ ಎಂದು ನಮಗೆ ಅನ್ನಿಸಬಹುದು. ಆದರೆ ಅದರಲ್ಲಿರುವ ಕಡಲೆಬೀಜ ಮತ್ತು ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಬಂದವು. 500 ವರ್ಷಗಳ ಹಿಂದಿನವರೆಗೂ ನಮ್ಮ ನಾಡಿನ ಯಾವ ಅಡುಗೆಮನೆಯಲ್ಲಿಯೂ ಅವು ಇರಲಿಲ್ಲ. ಚಪಾತಿಯ ಗೋಧಿ ಪಶ್ಚಿಮ ಏಷ್ಯಾದ್ದು. ಆಲೂಗಡ್ಡೆ ಮತ್ತು ಟೊಮೆಟೊಗಳ ಮೂಲ ದಕ್ಷಿಣ ಅಮೆರಿಕ.

ಹಾಗಾದರೆ ನಮ್ಮದು ಎನ್ನುವ ಬೆಳೆ ಯಾವುದೂ ಇಲ್ಲವೇ? ಇದೆ. ಅದನ್ನು ಬೆಳೆಯಲು ಕಲಿತವರು ಯಾರು, ಉಳಿದ ಬೆಳೆಗಳು ನಮ್ಮ ತಟ್ಟೆಗೆ ಹೇಗೆ ಬಂದವು, ಇದರಿಂದ ನಮಗೆ ಸಿಕ್ಕಿದ್ದೇನು, ಕಳೆದುಹೋಗುತ್ತಿರುವುದೇನು ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ಆಯ್ದು ತಿಂದ ಕಾಲ

ನಮ್ಮಂತಹ ಮನುಷ್ಯರು ಭೂಮಿಯ ಮೇಲೆ ಕಾಣಿಸಿಕೊಂಡು ಸುಮಾರು ಮೂರು ಲಕ್ಷ ವರ್ಷಗಳಾದವು. ನಮಗಿಂತ ಹಿಂದಿನ ಮಾನವರು ಅದಕ್ಕೂ ಬಹಳ ಮೊದಲೇ ಕಲ್ಲಿನ ಉಪಕರಣಗಳನ್ನು ಮಾಡುತ್ತಿದ್ದರು. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿರುವ ಇಸಾಂಪುರದಲ್ಲಿ ಅಂತಹ ಉಪಕರಣಗಳು ರಾಶಿರಾಶಿಯಾಗಿ ದೊರೆತಿವೆ. ಅವು ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯವು ಎಂದು ಅಂದಾಜಿಸಲಾಗಿದೆ.

ಈ ದೀರ್ಘ ಕಾಲದಲ್ಲಿ ಯಾರೂ ಹೊಲ ಉಳಲಿಲ್ಲ, ಬಿತ್ತಲಿಲ್ಲ. ಬೇಟೆಯಾಡಿ, ಮೀನು ಹಿಡಿದು, ಹಣ್ಣು, ಗೆಡ್ಡೆ, ಸೊಪ್ಪು, ಜೇನು, ಹುಲ್ಲಿನ ಕಾಳುಗಳನ್ನು ಆಯ್ದು ತಿಂದು ಬದುಕಿದರು. ಸಣ್ಣ ಸಣ್ಣ ಗುಂಪುಗಳಲ್ಲಿ ಋತುವಿಗೆ ತಕ್ಕಂತೆ ಸ್ಥಳ ಬದಲಿಸುತ್ತಿದ್ದರು. ಅವರನ್ನು ಅಜ್ಞಾನಿಗಳೆಂದು ಭಾವಿಸಿದರೆ ತಪ್ಪಾಗುತ್ತದೆ. ಯಾವ ಗೆಡ್ಡೆ ವಿಷ, ಯಾವ ಕಾಯಿ ಯಾವ ತಿಂಗಳಿನಲ್ಲಿ ಮಾಗುತ್ತದೆ, ಯಾವ ಹಳ್ಳದಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಒಂದು ಆಹಾರ ಸಿಗದಿದ್ದರೆ ಇನ್ನೊಂದನ್ನು ಹುಡುಕಿಕೊಂಡು ಹೋಗುವುದೇ ಅವರ ಭದ್ರತೆಯಾಗಿತ್ತು.

ಆ ಜೀವನ ಪೂರ್ತಿಯಾಗಿ ಮುಗಿದುಹೋಗಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇಂದಿಗೂ ಕಾಡಿನಿಂದ ಜೇನು, ನೆಲ್ಲಿಕಾಯಿ ತರುತ್ತಾರೆ. ತುಮಕೂರು, ಕೋಲಾರದ ಕಡೆಯ ಹೆಂಗಸರು ಮಳೆ ಬಿದ್ದ ಮೇಲೆ ಹೊಲದ ಬದುಗಳಲ್ಲಿ ತಾವಾಗಿಯೇ ಹುಟ್ಟಿದ ಹತ್ತಾರು ಬಗೆಯ ಎಲೆಗಳನ್ನು ಕಿತ್ತು ಬೆರಕೆ ಸೊಪ್ಪಿನ ಸಾರು ಮಾಡುತ್ತಾರೆ. ಇಲ್ಲಿ ಕುವೈತಿನಲ್ಲಿ ಮಳೆ ಚೆನ್ನಾಗಿ ಆದ ವರ್ಷ ಮರಳುಗಾಡಿನಲ್ಲಿ ಹುಟ್ಟುವ ‘ಫಗಾ’ ಎಂಬ ಅಣಬೆಯನ್ನು ಹುಡುಕಿಕೊಂಡು ಜನ ಹೋಗುವುದನ್ನು ನೀವು ಕೇಳಿರಬಹುದು. ಅದನ್ನು ಯಾರೂ ಬಿತ್ತುವುದಿಲ್ಲ, ನೆಲ ಓದಬಲ್ಲವರಿಗೆ ಮಾತ್ರ ಅದು ಸಿಗುತ್ತದೆ.

ಬಿತ್ತಲು ಕಲಿತದ್ದು ಹೇಗೆ?

ಸುಮಾರು 11,700 ವರ್ಷಗಳ ಹಿಂದೆ ಕೊನೆಯ ಹಿಮಯುಗ ಮುಗಿಯಿತು. ಹವಾಮಾನ ಬೆಚ್ಚಗಾಗಿ, ಮೊದಲಿಗಿಂತ ಸ್ಥಿರವಾಯಿತು. ಇಂದಿನ ಇರಾಕ್, ಸಿರಿಯಾ, ಟರ್ಕಿ, ಪ್ಯಾಲೆಸ್ಟೈನ್ ಭಾಗಗಳನ್ನು ಒಳಗೊಂಡ, ಅರ್ಧಚಂದ್ರದ ಆಕಾರದ ಫಲವತ್ತಾದ ಪ್ರದೇಶದಲ್ಲಿ ಗೋಧಿ ಮತ್ತು ಬಾರ್ಲಿ ಕಾಡುಹುಲ್ಲುಗಳಾಗಿ ಬೆಳೆಯುತ್ತಿದ್ದವು. ಕಾಡು ಗೋಧಿಯ ತೆನೆ ಮಾಗಿದ ಕೂಡಲೇ ಮುರಿದು ಕಾಳು ನೆಲಕ್ಕೆ ಉದುರುತ್ತದೆ. ಗಿಡದ ಸಂತಾನ ಬೆಳೆಯಲು ಅದು ಒಳ್ಳೆಯದು, ಆದರೆ ಆಯುವವರಿಗೆ ಕಷ್ಟ. ಸಾವಿರಾರು ಗಿಡಗಳ ನಡುವೆ ಅಲ್ಲೊಂದು ಇಲ್ಲೊಂದು ಗಿಡದ ತೆನೆ ಉದುರದೆ ನಿಲ್ಲುತ್ತದೆ. ಜನ ಕೊಯ್ದು ತಂದಾಗ ಸಹಜವಾಗಿಯೇ ಅಂತಹ ತೆನೆಗಳು ಹೆಚ್ಚಾಗಿ ಕೈಗೆ ಬಂದವು. ಅದೇ ಕಾಳುಗಳನ್ನು ಮರುವರ್ಷ ಬಿತ್ತಿದರು. ಹೀಗೆ ನೂರಾರು ತಲೆಮಾರು ಕಳೆಯುವಷ್ಟರಲ್ಲಿ ಕಾಳು ಉದುರದ, ಮನುಷ್ಯನೇ ಬಡಿದು ಬಿಡಿಸಬೇಕಾದ ಗೋಧಿ ತಯಾರಾಯಿತು. ಆ ಗೋಧಿ ಮನುಷ್ಯನ ಸಹಾಯವಿಲ್ಲದೆ ತಾನಾಗಿ ಹರಡಲಾರದು. ಮನುಷ್ಯ ಗೋಧಿಯನ್ನು ಪಳಗಿಸಿದ, ಗೋಧಿಯೂ ಮನುಷ್ಯನನ್ನು ಒಂದೇ ಕಡೆ ಕಟ್ಟಿ ನಿಲ್ಲಿಸಿತು.

ಗಮನಿಸಬೇಕಾದ ಸಂಗತಿ ಎಂದರೆ, ಒಂದು ದಿನ ಯಾರೋ ಒಬ್ಬ ಜಾಣ ಕೃಷಿಯನ್ನು ಕಂಡುಹಿಡಿದ ಎಂಬುದು ನಿಜವಲ್ಲ. ಅದು ಅಜ್ಜಿಯಿಂದ ಮೊಮ್ಮಗಳಿಗೆ ದಾಟುತ್ತ ನಿಧಾನವಾಗಿ ಬೆಳೆದ ವಿದ್ಯೆ. ಒಂದೇ ಕಡೆ ಹುಟ್ಟಿದ್ದೂ ಅಲ್ಲ. ಚೀನಾದಲ್ಲಿ ಭತ್ತ, ಮೆಕ್ಸಿಕೋದಲ್ಲಿ ಮೆಕ್ಕೆಜೋಳ, ಆಂಡಿಸ್ ಪರ್ವತಗಳಲ್ಲಿ ಆಲೂಗಡ್ಡೆ, ಆಫ್ರಿಕಾದಲ್ಲಿ ಜೋಳ, ರಾಗಿ ಮತ್ತು ಸಜ್ಜೆ, ಹೀಗೆ ಪರಸ್ಪರ ಪರಿಚಯವೇ ಇಲ್ಲದ ಜನರು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಗಿಡಗಳನ್ನು ಪಳಗಿಸಿದರು. ಆ ಪಟ್ಟಿಯಲ್ಲಿ ನಮ್ಮ ಕರ್ನಾಟಕದ ಹೆಸರೂ ಇದೆ.

ಬಳ್ಳಾರಿಯ ಬೂದಿ ದಿಬ್ಬಗಳು ಹೇಳುವ ಕಥೆ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಎಂಬ ಊರು ಸಿಗುತ್ತದೆ. ಅಲ್ಲೊಂದು ದೊಡ್ಡ ಬೂದಿಯ ದಿಬ್ಬವಿದೆ. ಅಂತಹ ದಿಬ್ಬಗಳು ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಯಲ್ಲಿ ಹಲವಾರು ಇವೆ. ಹಂಪಿಯ ಹತ್ತಿರದ ನಿಂಬಾಪುರದಲ್ಲಿರುವ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿ ಎಂದು ಜನ ಹೇಳುತ್ತಾರೆ. ಇದು ಸುಟ್ಟ ಸಗಣಿಯ ಬೂದಿ ಎಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲಿಯೇ ಹೇಳಿದ್ದರು. 1957ರಲ್ಲಿ ಈಗಿನ ತೆಲಂಗಾಣದ ಉತ್ನೂರಿನಲ್ಲಿ ರೇಮಂಡ್ ಆಲ್ಚಿನ್ ನಡೆಸಿದ ಉತ್ಖನನದಲ್ಲಿ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳು, ದೊಡ್ಡಿಯ ಬೇಲಿಯ ಗೂಟದ ಕುಳಿಗಳು ಕಂಡುಬಂದವು. ಅಂದರೆ ಸುಮಾರು 5000 ವರ್ಷಗಳ ಹಿಂದೆ ನಮ್ಮ ಬಯಲುಸೀಮೆಯಲ್ಲಿ ದನಗಾಹಿಗಳು ನೆಲೆಸಿದ್ದರು. ದೊಡ್ಡಿಯಲ್ಲಿ ಸೇರಿದ ಸಗಣಿಯನ್ನು ಆಗಾಗ ಸುಡುತ್ತಿದ್ದರು. ಆ ಬೂದಿಯೇ ದಿಬ್ಬವಾಯಿತು.

ಸುಮಾರು 4000 ವರ್ಷಗಳ ಹಿಂದಿನಿಂದ ಬಂಡೆಗಳ ಬೆಟ್ಟದ ಮೇಲೆ ಮತ್ತು ಬುಡದಲ್ಲಿ ಖಾಯಂ ಊರುಗಳು ಎದ್ದವು. ಬಳ್ಳಾರಿ ಹತ್ತಿರದ ಸಂಗನಕಲ್ಲು ಮತ್ತು ಕಪ್ಪಗಲ್ಲು, ತೆಕ್ಕಲಕೋಟೆ, ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಡದ ಹಳ್ಳೂರು ಇವುಗಳಲ್ಲಿ ಮುಖ್ಯವಾದವು. ಸಂಗನಕಲ್ಲಿನ ಜನರು ಕಪ್ಪು ಕಲ್ಲಿನಿಂದ ದೊಡ್ಡ ಪ್ರಮಾಣದಲ್ಲಿ ಕೊಡಲಿಗಳನ್ನು ತಯಾರಿಸುತ್ತಿದ್ದರು.

ಇವರು ಏನು ತಿನ್ನುತ್ತಿದ್ದರು ಎಂದು ಈಗ ತಿಳಿಯುವುದು ಹೇಗೆ? ಉಪಾಯ ಸರಳ. ಅಗೆದ ಮಣ್ಣನ್ನು ನೀರಿನಲ್ಲಿ ಕದಡಿದರೆ ಮಣ್ಣು ಕೆಳಗೆ ಕೂರುತ್ತದೆ, ಹಳೆಯ ಒಲೆಯಲ್ಲಿ ಸುಟ್ಟು ಕರಿಯಾದ ಕಾಳುಗಳು ಹಗುರವಾದ್ದರಿಂದ ಮೇಲೆ ತೇಲುತ್ತವೆ. ಅವುಗಳನ್ನು ಜರಡಿ ಹಿಡಿದು ಒಣಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವ ಕಾಳೆಂದು ಗೊತ್ತಾಗುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಲಂಡನ್ನಿನ ಡೋರಿಯನ್ ಫುಲ್ಲರ್ ಮೊದಲಾದವರು ಹೀಗೆಯೇ ಕೆಲಸ ಮಾಡಿದರು. ಸಿಕ್ಕ ಕಾಳುಗಳಲ್ಲಿ ನಾಲ್ಕು ಮುಖ್ಯವಾಗಿದ್ದವು: ಕೊರಲೆ, ನವಣೆಯ ಜಾತಿಗೆ ಸೇರಿದ ಒಂದು ಕಿರುಧಾನ್ಯ, ಹುರುಳಿ ಮತ್ತು ಹೆಸರುಕಾಳು. ಈ ನಾಲ್ಕೂ ದಕ್ಷಿಣ ಭಾರತದ ಕಾಡುಹುಲ್ಲು ಮತ್ತು ಬಳ್ಳಿಗಳಿಂದಲೇ ಬಂದ ಬೆಳೆಗಳು. ಗೋಧಿ, ಬಾರ್ಲಿಗಳೂ ಸ್ವಲ್ಪ ಇದ್ದವು, ಆದರೆ ಅವು ಉತ್ತರದಿಂದ ಬಂದ ಅತಿಥಿಗಳು.

ಹುರುಳಿಯ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಕಾಡು ಹುರುಳಿಯ ಸಿಪ್ಪೆ ದಪ್ಪ. ನೀರು ಬಿದ್ದರೂ ಬೇಗ ಮೊಳೆಯುವುದಿಲ್ಲ. ಬಿತ್ತಿದ ಕೂಡಲೇ ಮೊಳೆಯುವ ತೆಳು ಸಿಪ್ಪೆಯ ಕಾಳೇ ರೈತನಿಗೆ ಅನುಕೂಲ. ಉತ್ಖನನದಲ್ಲಿ ಸಿಕ್ಕ ಹುರುಳಿಕಾಳುಗಳನ್ನು ಒಡೆಯದೆಯೇ, ಅತಿ ಪ್ರಬಲವಾದ ಕ್ಷ-ಕಿರಣಗಳಿಂದ ಪರೀಕ್ಷಿಸಿ 2017ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಸುಮಾರು 4000 ವರ್ಷಗಳ ಹಿಂದೆ ಕಾಳಿನ ಸಿಪ್ಪೆ ತೆಳ್ಳಗಾಗುತ್ತ ಬಂದುದನ್ನು ಅದು ತೋರಿಸಿತು. ನಾವು ಇಂದು ಮಾಡುವ ಹುರುಳಿ ಸಾರಿನ ಹಿಂದೆ ಅಷ್ಟು ತಲೆಮಾರುಗಳ ಕೈಗುಣವಿದೆ!

ಕುವೈತಿನ ನೆಲದಲ್ಲಿ

ನಾವು ಬದುಕುತ್ತಿರುವ ಈ ದೇಶಕ್ಕೂ ಈ ಕಥೆಯಲ್ಲಿ ಒಂದು ವಿಶೇಷ ಸ್ಥಾನವಿದೆ. ಪಕ್ಕದ ಮೆಸೊಪೊಟೇಮಿಯಾದಲ್ಲಿ ಬೇಸಾಯ ಬೆಳೆಯುತ್ತಿದ್ದ ಕಾಲಕ್ಕೆ, ಅಂದರೆ ಸುಮಾರು 7000 ವರ್ಷಗಳ ಹಿಂದೆ, ಕುವೈತಿನ ಉತ್ತರದ ಸುಬಿಯಾ ತೀರದಲ್ಲಿ ಒಂದು ಸಣ್ಣ ವಸತಿ ಇತ್ತು. ಬ್ರಿಟಿಷ್ ಮತ್ತು ಕುವೈತಿ ಪುರಾತತ್ವಜ್ಞರು ಅಲ್ಲಿ ಅಗೆದಾಗ ಮೆಸೊಪೊಟೇಮಿಯಾದ ಮಡಕೆಯ ಚೂರುಗಳು ಸಿಕ್ಕವು. ಜೊತೆಗೆ ಒಂದು ಕಡೆ ಜೊಂಡಿನ ಅಚ್ಚು, ಇನ್ನೊಂದು ಕಡೆ ಕಡಲ ಚಿಪ್ಪುಜೀವಿಗಳು ಅಂಟಿಕೊಂಡಿದ್ದ ಡಾಂಬರಿನ ತುಂಡುಗಳೂ ಸಿಕ್ಕವು. ಜೊಂಡಿನಿಂದ ಕಟ್ಟಿ ಡಾಂಬರು ಬಳಿದ ದೋಣಿಯ ಅವಶೇಷಗಳು ಅವು. ಸಮುದ್ರಯಾನ ಮಾಡಿದ ದೋಣಿಗಳ ಅತ್ಯಂತ ಹಳೆಯ ಕುರುಹುಗಳಲ್ಲಿ ಇದೂ ಒಂದು.

ಬೆಳೆ ಬೆಳೆಯಲು ನೀರಿಲ್ಲದ ನೆಲದ ಜನ ಕಡಲನ್ನೇ ಹೊಲ ಮಾಡಿಕೊಂಡರು ಎನ್ನಬಹುದು. ಮೀನು ಹಿಡಿದರು, ಕುರಿ ಮೇಕೆ ಸಾಕಿದರು, ಮಿಕ್ಕಿದ್ದನ್ನು ದೋಣಿಯಲ್ಲಿ ತಂದರು. ಸುಮಾರು 4000 ವರ್ಷಗಳ ಹಿಂದೆ ಫೈಲಕಾ ದ್ವೀಪ ದಿಲ್ಮುನ್ ವ್ಯಾಪಾರದ ಕೇಂದ್ರಗಳಲ್ಲಿ ಒಂದಾಗಿತ್ತು. ಅಲ್ಲಿ ವ್ಯಾಪಾರಿಗಳ ಮುದ್ರೆಗಳು ನೂರಾರು ದೊರೆತಿವೆ.

ಲಾಭವೂ ಬೆಲೆಯೂ

ಬೇಸಾಯದಿಂದ ದೊರೆತ ಲಾಭ ದೊಡ್ಡದು. ಕಣಜದಲ್ಲಿ ಧಾನ್ಯ ಉಳಿದಾಗ ಎಲ್ಲರೂ ಆಹಾರ ಹುಡುಕಬೇಕಾಗಿಲ್ಲ. ಕುಂಬಾರ, ಕಮ್ಮಾರ, ನೇಕಾರ, ಶಿಕ್ಷಕ, ವೈದ್ಯ ಎಲ್ಲರೂ ಹುಟ್ಟಿಕೊಂಡದ್ದು ಆ ಉಳಿತಾಯದಿಂದ. ಮೆಸೊಪೊಟೇಮಿಯಾದಲ್ಲಿ ಬರವಣಿಗೆ ಬೆಳೆದದ್ದೂ ಮುಖ್ಯವಾಗಿ ಧಾನ್ಯ, ಕುರಿಗಳ ಲೆಕ್ಕ ಇಡುವುದಕ್ಕಾಗಿ. ನಾವು ಕಲಿಸುವ ಅಕ್ಷರಕ್ಕೂ ಕಣಜಕ್ಕೂ ಹೀಗೊಂದು ನಂಟಿದೆ.

ಆದರೆ ಬೆಲೆಯನ್ನೂ ತೆರಬೇಕಾಯಿತು. ಆರಂಭದ ರೈತರ ಎಲುಬುಗಳನ್ನು ಪರೀಕ್ಷಿಸಿದಾಗ ಅನೇಕ ಕಡೆ ಹುಳುಕು ಹಲ್ಲುಗಳು ಹೆಚ್ಚಿರುವುದೂ, ಮೈಕಟ್ಟು ಚಿಕ್ಕದಾಗಿರುವುದೂ ಕಂಡುಬಂದಿದೆ. ಹತ್ತಾರು ಬಗೆಯ ಆಹಾರದ ಬದಲು ಒಂದೆರಡು ಧಾನ್ಯಗಳನ್ನೇ ತಿಂದುದು ಅದಕ್ಕೆ ಒಂದು ಕಾರಣ. ದನಕರುಗಳ ಜೊತೆ ಒತ್ತಾಗಿ ಬದುಕಿದ್ದರಿಂದ ಸಾಂಕ್ರಾಮಿಕ ರೋಗಗಳು ಹೆಚ್ಚಿದವು. ಮಳೆ ಕೈಕೊಟ್ಟರೆ ಇಡೀ ಊರು ಹಸಿಯಿತು. ಕಣಜದ ಬೀಗ ಯಾರ ಕೈಯಲ್ಲಿದೆಯೋ ಅವನು ಒಡೆಯನಾದ, ಉಳಿದವರು ಆಳುಗಳಾದರು. ಆದರೂ ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ. ಏಕೆಂದರೆ ಬೇಸಾಯದಿಂದ ಹೆಚ್ಚಿದ ಜನಸಂಖ್ಯೆಯನ್ನು ಸಾಕುವಷ್ಟು ಆಹಾರ ಕಾಡಿನಲ್ಲಿ ಸಿಗುತ್ತಿರಲಿಲ್ಲ.

ಕಾಳುಗಳು ಕಡಲು ದಾಟಿದವು

ವಲಸೆ ಹೋದವರು ನಾವು ಮಾತ್ರವಲ್ಲ, ನಮ್ಮ ಬೆಳೆಗಳೂ ವಲಸೆ ಬಂದವುಗಳೇ. ಹಳ್ಳೂರಿನಲ್ಲಿ ಸುಮಾರು 3500 ವರ್ಷಗಳಷ್ಟು ಹಳೆಯ ಸಜ್ಜೆ ಮತ್ತು ಅವರೆಕಾಳುಗಳು ಸಿಕ್ಕಿವೆ. ಎರಡರ ತವರೂ ಆಫ್ರಿಕಾ ಎಂದು ಸಸ್ಯವಿಜ್ಞಾನಿಗಳು ಹೇಳುತ್ತಾರೆ. ಉತ್ತರ ಕರ್ನಾಟಕದ ರೊಟ್ಟಿಯ ಜೋಳ ಸುಡಾನಿನ ಕಡೆಯದು. ಮುದ್ದೆಯ ರಾಗಿ ಪೂರ್ವ ಆಫ್ರಿಕಾದ ಎತ್ತರದ ನಾಡಿನದು. ರಾಗಿ ನಮ್ಮಲ್ಲಿ ಎಷ್ಟು ಬೇರೂರಿತೆಂದರೆ, ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿ ಮತ್ತು ರಾಗಿಯ ಜಗಳವನ್ನು ರಾಮನ ಮುಂದಿಟ್ಟು ರಾಗಿಯನ್ನೇ ಗೆಲ್ಲಿಸಿದರು. ಹುಣಸೆಯ ಕಥೆ ಇನ್ನೂ ತಮಾಷೆಯದು. ಮರ ಮೂಲತಃ ಆಫ್ರಿಕಾದ್ದು, ಆದರೆ ಅರಬರು ಅದನ್ನು ‘ತಮರ್ ಹಿಂದಿ’, ಅಂದರೆ ಭಾರತದ ಖರ್ಜೂರ ಎಂದು ಕರೆದರು!

ನಮ್ಮ ಕಡೆಯಿಂದಲೂ ಸರಕು ಹೊರಟಿತು. ಈಜಿಪ್ಟಿನ ದೊರೆ ಎರಡನೆಯ ರಾಮ್ಸೆಸ್ ಕ್ರಿ.ಪೂ. 1213ರಲ್ಲಿ ತೀರಿಕೊಂಡ. ಅವನ ರಕ್ಷಿತ ದೇಹದ ಮೂಗಿನಲ್ಲಿ ಕರಿಮೆಣಸಿನ ಕಾಳುಗಳಿದ್ದವು. ಮೆಣಸಿನ ತವರು ನಮ್ಮ ಪಶ್ಚಿಮಘಟ್ಟ. 12ನೆಯ ಶತಮಾನದಲ್ಲಿ ಟುನೀಶಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಸುಮಾರು 17 ವರ್ಷ ಮಂಗಳೂರಿನಲ್ಲಿ ನೆಲೆಸಿದ್ದ. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣವನ್ನು ಏಡನ್ನಿಗೆ ಕಳಿಸುತ್ತಿದ್ದ. ಅಲ್ಲಿಂದ ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು. ಆ ವ್ಯವಹಾರದ ಪತ್ರಗಳು ಕೈರೋದಲ್ಲಿ ಸಿಕ್ಕಿವೆ. ಅವುಗಳಲ್ಲಿ ಬೊಮ್ಮ ಎಂಬ ಅವನ ಆಳಿನ ಹೆಸರೂ ಇದೆ.

1492ರಲ್ಲಿ ಕೊಲಂಬಸ್ ಅಮೆರಿಕ ತಲುಪಿದ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ಬಳಿ ಬಂದಿಳಿದ. ಆನಂತರ ಪೋರ್ಚುಗೀಸರ ಹಡಗುಗಳಲ್ಲಿ ಮೆಣಸಿನಕಾಯಿ, ಗೇರು, ಅನಾನಸು, ಪಪ್ಪಾಯಿಗಳು ನಮ್ಮ ಕರಾವಳಿಗೆ ಬಂದವು. ಪಪ್ಪಾಯಿಗೆ ನಾವು ಪರಂಗಿ ಹಣ್ಣು ಎನ್ನುತ್ತೇವೆ. ಪರಂಗಿ ಎಂದರೆ ಯುರೋಪಿನವನು. ಹಣ್ಣು ತನ್ನನ್ನು ತಂದವರ ಗುರುತನ್ನು ಹೆಸರಿನಲ್ಲಿಯೇ ಹೊತ್ತು ತಿರುಗುತ್ತಿದೆ. ಮೆಣಸಿನಂತೆ ಖಾರವಾಗಿದ್ದ ಹೊಸ ಕಾಯಿಗೆ ನಮ್ಮವರು ಮೆಣಸಿನಕಾಯಿ ಎಂದು ಹೆಸರಿಟ್ಟು ತಮ್ಮದಾಗಿಸಿಕೊಂಡರು. ಇಂದು ಬ್ಯಾಡಗಿ ಮೆಣಸಿನಕಾಯಿ ಎಲ್ಲರಿಗೂ ಗೊತ್ತು. ಆಫ್ರಿಕಾದ ಸಜ್ಜೆಯ ಕುರುಹು ಸಿಕ್ಕ ಹಳ್ಳೂರು, ಅಮೆರಿಕದ ಮೆಣಸಿನಕಾಯಿಗೆ ಹೆಸರಾದ ಬ್ಯಾಡಗಿ, ಎರಡೂ ಒಂದೇ ಹಾವೇರಿ ಜಿಲ್ಲೆಯಲ್ಲಿವೆ. ಜಾಗತೀಕರಣ ಎಂಬ ಪದ ಹೊಸದಾದರೂ ಅದರ ದಾರಿ ಬಹಳ ಹಳೆಯದು.

ಆದರೆ ಈ ಹೊಸ ದಾರಿಗಳು ಎಲ್ಲರಿಗೂ ಒಳ್ಳೆಯದನ್ನೇ ತರಲಿಲ್ಲ ಎಂಬುದನ್ನು ಮರೆಯಬಾರದು. ಯುರೋಪಿನವರ ಜೊತೆ ಹೋದ ಸಿಡುಬಿನಂತಹ ರೋಗಗಳಿಂದ ಅಮೆರಿಕದ ಮೂಲನಿವಾಸಿಗಳು ಅಪಾರ ಸಂಖ್ಯೆಯಲ್ಲಿ ಸತ್ತರು. ಸಕ್ಕರೆಯ ತೋಟಗಳಿಗಾಗಿ ಲಕ್ಷಾಂತರ ಆಫ್ರಿಕನ್ನರನ್ನು ಗುಲಾಮರಾಗಿ ಸಾಗಿಸಲಾಯಿತು.

ಅರ್ದಿಯಾದ ಜಮಿಯಾದಲ್ಲಿ

ತೈಲ ಬರುವ ಮೊದಲು ಕುವೈತಿನ ನಾವಿಕರು ದೊಡ್ಡ ಹಾಯಿ ಹಡಗುಗಳಲ್ಲಿ ಬಸ್ರಾದ ಖರ್ಜೂರವನ್ನು ತುಂಬಿಕೊಂಡು ಕರಾಚಿ, ಮುಂಬಯಿ, ಮಲಬಾರಿಗೆ ಬರುತ್ತಿದ್ದರು. ಹಿಂದಿರುಗುವಾಗ ಅಕ್ಕಿ, ಸಾಂಬಾರ ಪದಾರ್ಥ, ಹಡಗು ಕಟ್ಟುವ ತೇಗದ ಮರ ತರುತ್ತಿದ್ದರು. ಕುಡಿಯುವ ನೀರನ್ನೂ ಶತ್ ಅಲ್-ಅರಬ್ ನದಿಯಿಂದ ದೋಣಿಗಳಲ್ಲಿ ತರಿಸಿಕೊಳ್ಳುತ್ತಿದ್ದರು. 1961ರಲ್ಲಿ ದಿನಾರ್ ಬರುವವರೆಗೂ ಇಲ್ಲಿ ಚಲಾವಣೆಯಲ್ಲಿದ್ದುದು ರೂಪಾಯಿಯೇ. 1938ರಲ್ಲಿ ಬುರ್ಗಾನಿನಲ್ಲಿ ತೈಲ ಸಿಕ್ಕಿತು, 1946ರಲ್ಲಿ ರಫ್ತು ಆರಂಭವಾಯಿತು. 1953ರಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸರ್ಕಾರಿ ಘಟಕ ಕೆಲಸ ಪ್ರಾರಂಭಿಸಿತು. ಇಂದು ವಫ್ರಾ ಮತ್ತು ಅಬ್ದಲಿಯ ತೋಟಗಳಲ್ಲಿ ಟೊಮೆಟೊ, ಸೌತೆಕಾಯಿ ಬೆಳೆಯುತ್ತಾರೆ. ಆದರೂ ಈ ದೇಶದ ಆಹಾರದ ಬಹುಪಾಲು ಹೊರಗಿನಿಂದಲೇ ಬರಬೇಕು.

ಅಕ್ಕಿ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ‘ಜಮಿಯಾದಿಂದ’ ಎಂದು ಥಟ್ಟನೆ ಹೇಳುವ ಪುಟಾಣಿಗಳಿದ್ದಾರೆ. ಅದು ಅವರ ತಪ್ಪಲ್ಲ, ಅವರು ಕಂಡಿರುವುದು ಅಷ್ಟೇ. ಆದರೆ ಅಂಗಡಿಯ ಹಿಂದೆ ಎಷ್ಟು ಉದ್ದದ ಸರಪಳಿ ಇದೆ ಎಂಬುದು ಅದರ ಒಂದು ಕೊಂಡಿ ಅಲುಗಾಡಿದಾಗ ತಿಳಿಯುತ್ತದೆ. 2022ರಲ್ಲಿ ಉಕ್ರೇನಿನ ಯುದ್ಧದಿಂದ ಗೋಧಿಯ ಬೆಲೆ ಏರಿತು. ಅದೇ ವರ್ಷ ಉತ್ತರ ಭಾರತದ ಬಿಸಿಗಾಳಿಗೆ ಬೆಳೆ ಸೊರಗಿತು, ಮೇ ತಿಂಗಳಲ್ಲಿ ಭಾರತ ಗೋಧಿಯ ರಫ್ತನ್ನು ನಿಲ್ಲಿಸಿತು. 2023ರ ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತಿಗೂ ನಿಷೇಧ ಬಂತು. ಅದು ತೆರವಾದದ್ದು 2024ರ ಸೆಪ್ಟೆಂಬರಿನಲ್ಲಿ. ಪರದೇಶದಲ್ಲಿರುವ ನಮ್ಮವರಿಗೆ ಸೋನಾ ಮಸೂರಿಯ ಚಿಂತೆ ಹಿಡಿಯಿತು. ಊರಿನವರ ಹಸಿವು ಮೊದಲು ಎಂದು ಸರ್ಕಾರ ಯೋಚಿಸಿದ್ದು ಸಹಜವೇ. ಆದರೆ ಎಲ್ಲವನ್ನೂ ದೂರದಿಂದ ತರಿಸಿಕೊಂಡು ತಿನ್ನುವವರ ಬದುಕು ಎಷ್ಟು ತೆಳುವಾದ ದಾರದ ಮೇಲಿದೆ ಎಂಬುದನ್ನು ಆ ದಿನಗಳು ತೋರಿಸಿದವು.

ಹಿತ್ತಲ ಗಿಡ ಮದ್ದಲ್ಲವೇ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಮ್ಮ ಪೂರ್ವಿಕರು ತಾವೇ ಪಳಗಿಸಿದ ಕೊರಲೆ ಈಗ ಎಲ್ಲಿದೆ? ತುಮಕೂರು, ಚಿತ್ರದುರ್ಗ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆಲವು ಭಾಗಗಳಲ್ಲಿ ಮತ್ತು ಪಕ್ಕದ ಆಂಧ್ರದ ಒಣಭೂಮಿಯಲ್ಲಿ ಸ್ವಲ್ಪ ಉಳಿದುಕೊಂಡಿದೆ. ಕಡಿಮೆ ಮಳೆಯಲ್ಲಿ, ಬಡ ಮಣ್ಣಿನಲ್ಲಿ, ಬೇಗ ಬೆಳೆದು ಕೊಯ್ಲಿಗೆ ಬರುವ ಧಾನ್ಯ ಅದು. ಆದರೂ ಅದರ ಹೆಸರನ್ನೇ ಕೇಳದ ಕನ್ನಡಿಗರು ಬಹಳ ಮಂದಿ. ವಿಶ್ವಸಂಸ್ಥೆ 2023ನೆಯ ವರ್ಷವನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಇವುಗಳ ಕಡೆಗೆ ಮತ್ತೆ ಗಮನ ಹರಿದಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮ ಧಾನ್ಯಗಳಿಗೂ ಸಲ್ಲುತ್ತದೆ.

ಒಂದು ಬೆಳೆ ಮರೆಯಾದರೆ ಅದರ ಬೀಜ ಮಾತ್ರ ಹೋಗುವುದಿಲ್ಲ. ಅದನ್ನು ಯಾವ ಮಳೆಗೆ ಬಿತ್ತಬೇಕು, ಹೇಗೆ ಕುಟ್ಟಬೇಕು, ಯಾವ ಸಾರು ಹೊಂದುತ್ತದೆ ಎಂಬ ತಿಳಿವಳಿಕೆಯೂ ಹೋಗುತ್ತದೆ. ಅದನ್ನು ಹೇಳುವ ಕನ್ನಡದ ಮಾತುಗಳೂ ಹೋಗುತ್ತವೆ. ಈ ತಿಳಿವಳಿಕೆಯಲ್ಲಿ ಪುಸ್ತಕಕ್ಕೆ ಬಂದಿರುವುದು ಸ್ವಲ್ಪ ಮಾತ್ರ. ಉಳಿದದ್ದು ಊರಿನಲ್ಲಿರುವ ಅಜ್ಜಿ ತಾತಂದಿರ ನೆನಪಿನಲ್ಲಿದೆ. ಬಗೆಬಗೆಯ ಬೆಳೆ ಇದ್ದಷ್ಟೂ ಒಂದು ಕೈಕೊಟ್ಟಾಗ ಇನ್ನೊಂದು ಕಾಯುತ್ತದೆ. ಆಯ್ದು ತಿನ್ನುತ್ತಿದ್ದ ನಮ್ಮ ಪೂರ್ವಿಕರು ಬಾಳಿದ್ದು ಇದೇ ನಿಯಮದಿಂದ.

ಆದ್ದರಿಂದ ಮಕ್ಕಳೇ, ಬೇಸಿಗೆ ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಅಜ್ಜಿಯ ಪಕ್ಕ ಕುಳಿತು, ಅವರಿಗೆ ಗೊತ್ತಿರುವ ಸೊಪ್ಪುಗಳ, ಕಾಳುಗಳ ಹೆಸರನ್ನು ಒಂದು ಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆದುಕೊಳ್ಳಿ. ಅವರು ಚಿಕ್ಕವರಿದ್ದಾಗ ತಿನ್ನುತ್ತಿದ್ದು ಈಗ ಕಾಣದಿರುವುದು ಯಾವುದು ಎಂದು ಕೇಳಿ. ಬಳ್ಳಾರಿ ಕಡೆಗೆ ಹೋಗುವವರು ಅಲ್ಲಿನ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯವನ್ನು ನೋಡಿ ಬನ್ನಿ. ಕುವೈತಿನ ಮನೆಯ ಕಿಟಕಿಯ ಬಳಿ ಒಂದು ಬಟ್ಟಲಿನಲ್ಲಿ ಹಿಡಿ ಹೆಸರುಕಾಳು ನೆನೆಹಾಕಿ ಮೊಳಕೆ ಬರಿಸಿ. ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೇ: ವಾರಕ್ಕೊಮ್ಮೆಯಾದರೂ ಹುರುಳಿ, ಹೆಸರು, ನವಣೆ, ಸಿಕ್ಕರೆ ಕೊರಲೆ ಮಕ್ಕಳ ತಟ್ಟೆಗೆ ಬರಲಿ, ಅದರ ಕಥೆಯೂ ಜೊತೆಗೆ ಬರಲಿ.

ತಟ್ಟೆಯಲ್ಲಿ ಅನ್ನ ಬಿಟ್ಟು ಏಳುವ ಮುನ್ನ, ಅದು ಎಷ್ಟು ಕೈಗಳನ್ನು, ಎಷ್ಟು ಕಡಲುಗಳನ್ನು ದಾಟಿ ನಮ್ಮವರೆಗೆ ಬಂದಿದೆ ಎಂಬುದನ್ನು ನಾವೆಲ್ಲರೂ ನೆನೆಯೋಣ.